ತಟ್ಟೆ ಇಡದ ಅರ್ಜಿ

ಮೂರನೇ ಟವರಿನ ಸರ್ವಿಸ್ ಲಿಫ್ಟ್ ಕೆಟ್ಟು ಹದಿನೆಂಟು ದಿನವಾಗಿತ್ತು. ಹತ್ತೊಂಬತ್ತು ಮಹಡಿಯ ಕಟ್ಟಡ. ಪಕ್ಕದಲ್ಲೇ ಇನ್ನೆರಡು ಲಿಫ್ಟುಗಳು ಆರಾಮಾಗಿ ಓಡಾಡುತ್ತಿದ್ದವು, ಆದರೆ ಅವುಗಳ ಪಕ್ಕದ ಗೋಡೆಗೆ ‘ನಿವಾಸಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕಿದ್ದರು. ನಿವಾಸಿಗಳ ನಾಯಿಗೆ ಅದರಲ್ಲಿ ಜಾಗವಿತ್ತು, ಆ ನಾಯಿಗೆ ಅನ್ನ ಬೇಯಿಸಿ ಹಾಕುವವಳಿಗೆ ಇರಲಿಲ್ಲ. ಹದಿನೈದನೇ ಮಹಡಿಯಲ್ಲಿ ಪಾತ್ರೆ ತೊಳೆಯುವ ನಮ್ಮೂರಿನ ಅಜ್ಜಿಯೊಬ್ಬರು ಮೆಟ್ಟಿಲ ಮೇಲೆ ಕೂತು ಕೂತು ಹತ್ತುತ್ತಿದ್ದರು. ಹತ್ತಿ ಹೋದ ಮೇಲೆ ಬಾತ್‌ರೂಮಿಗೆ ಹೋಗಬೇಕೆಂದರೆ ಯಾವ ಮನೆಯವರೂ ತಮ್ಮದನ್ನು ಕೊಡುತ್ತಿರಲಿಲ್ಲ. ಮತ್ತೆ ಇಳಿದು ಬಂದು, ಗೇಟಿನ ಆಚೆ ಖಾಲಿ ಸೈಟಿನ ಪೊದೆಯೇ ಗತಿ.

ಈ ಎರಡು ವಿಷಯಕ್ಕೆ, ಲಿಫ್ಟಿಗೂ ಶೌಚಾಲಯಕ್ಕೂ, ಒಂದು ಅರ್ಜಿ ಕೊಡಬೇಕೆಂದು ತೀರ್ಮಾನವಾದದ್ದು ಆಗ. ಸಿಂಗಸಂದ್ರದ ಸುತ್ತಮುತ್ತ ಮನೆಕೆಲಸದವರ ಸಂಘವನ್ನು ಕಟ್ಟುವ ಕೆಲಸ ನನ್ನದು. ನಾನೂ ಮನೆಕೆಲಸ ಮಾಡಿಕೊಂಡೇ ಸಂಘಕ್ಕೆ ಬಂದವಳು, ಮದುವೆಯಾಗಿ ಬಂದಾಗಿನಿಂದ ಇದೇ ಊರಿನವಳು. ನಮ್ಮ ಸಭೆ ಮಧ್ಯಾಹ್ನ ಎರಡೂವರೆಗೆ, ಬಸ್ ಸ್ಟಾಪಿನ ಹಿಂದಿನ ಹೊಂಗೆ ಮರದ ಕೆಳಗೆ. ಬೆಳಗಿನ ಮನೆಗಳು ಮುಗಿದು ಸಂಜೆಯ ಮನೆಗಳು ಶುರುವಾಗುವ ಮುಂಚೆ ಸಿಗುವ ಮುಕ್ಕಾಲು ಗಂಟೆ ಅದು. ಆ ಮರದ ಕೆಳಗೆ ನಾನು ಮಾಡಿದ ಕಾನೂನು ಒಂದೇ: ಇಲ್ಲಿ ಯಾರೂ ಯಾರನ್ನೂ ಮೇಡಂ ಅನ್ನುವಂತಿಲ್ಲ. ಮೇಡಂಗಳೆಲ್ಲ ಗೇಟಿನ ಒಳಗೆ. ಇಲ್ಲಿ ಅಕ್ಕ, ತಂಗಿ, ಅಜ್ಜಿ, ಅಷ್ಟೇ.

ಹದಿಮೂರು ವರ್ಷ ಆ ಮರದ ಕೆಳಗೆ ಕೂತಿದ್ದೇನೆ. ಹದಿನೈದು ಜನ ಬಂದರೆ ಹಬ್ಬ ಎಂದುಕೊಳ್ಳುತ್ತಿದ್ದೆ. ರಿಜಿಸ್ಟರು ಬರೆಯುತ್ತಿದ್ದೆ, ಬಾರದವರ ಮನೆಗೆ ಹೋಗಿ ಕರೆಯುತ್ತಿದ್ದೆ, ಮಳೆಗಾಲದಲ್ಲಿ ಟಾರ್ಪಾಲು ಹೊತ್ತು ತರುತ್ತಿದ್ದೆ. ಹೀಗಿರುವಾಗ ಅವಳು ಬಂದಳು.

ರಾಯಚೂರಿನ ಕಡೆಯವಳು. ಮೂರನೇ ಟವರಿನಲ್ಲಿ ಐದು ಮನೆಗೆ ಅಡುಗೆ ಮಾಡುತ್ತಿದ್ದಳು. ಅವಳ ಜೋಳದ ರೊಟ್ಟಿಗೆ ದಾವಣಗೆರೆ, ವಿಜಯಪುರದ ಕಡೆಯ ಮನೆಗಳವರು ಸರತಿಯಲ್ಲಿ ನಿಲ್ಲುತ್ತಿದ್ದರು. ಮೊದಲ ಸಭೆಗೆ ಒಬ್ಬಳೇ ಬಂದಳು, ಎರಡನೆಯದಕ್ಕೆ ಆರು ಜನರನ್ನು ಕರೆತಂದಳು. ಮೂರು ತಿಂಗಳಲ್ಲಿ ಮರದ ಕೆಳಗೆ ಕೂರಲು ಜಾಗ ಸಾಲದೆ ಹೆಂಗಸರು ರಸ್ತೆಯ ಕಲ್ಲುಚಪ್ಪಡಿಯ ಮೇಲೆ ಕೂರತೊಡಗಿದರು. ತೆಲುಗಿನವರ ಜೊತೆ ತೆಲುಗು, ಹಿಂದಿಯವರ ಜೊತೆ ಹಿಂದಿ. ಯಾರ ಮಗಳಿಗೆ ಜ್ವರ, ಯಾರ ಗಂಡ ಹೊಡೆದ, ಯಾರಿಗೆ ಎಷ್ಟನೇ ತಿಂಗಳು, ಎಲ್ಲವೂ ಅವಳಿಗೆ ನೆನಪು. ರಿಜಿಸ್ಟರು ಬರೆಯುವುದಿಲ್ಲ, ಸಭೆಯ ವಿಷಯಪಟ್ಟಿ ಗೊತ್ತಿಲ್ಲ, ಮಾತಿನ ಮಧ್ಯೆ ಹಾಡು ಬೇರೆ. ನಾನು ಹೇಳಿಕೊಟ್ಟ ಒಂದು ನಿಯಮವನ್ನೂ ಪಾಲಿಸದೆ ಅವಳು ಎಪ್ಪತ್ತು ಜನರನ್ನು ಕೂರಿಸಿದ್ದಳು.

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ. ಮೊದಮೊದಲು ‘ಅವಳಿಗೆ ಶಿಸ್ತಿಲ್ಲ, ಸಂಘ ಹಾಳಾಗುತ್ತದೆ’ ಎಂದು ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಸುಳ್ಳು. ನನ್ನ ಸ್ವಂತ ನಾದಿನಿ ಹತ್ತು ವರ್ಷ ಕರೆದರೂ ಬಾರದವಳು, ಅವಳ ಪಕ್ಕ ಕೂತು ಕಡ್ಲೆಕಾಯಿ ಬಿಡಿಸುತ್ತ ನಗುತ್ತಿದ್ದುದನ್ನು ನೋಡಿದ ದಿನ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ದಿನ ಬಸ್ಸು ಸಿಗದೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಸಭೆ ಶುರುವಾಗಿಬಿಟ್ಟಿತ್ತು. ಅವಳು ನನ್ನ ಕಡೆ ತಿರುಗಿ, “ಬರ್ರಿ ಯಕ್ಕಾ, ಕುಂಡ್ರಿ ಇಲ್ಲೆ. ಏ, ಯಕ್ಕಗ ಜಾಗ ಬಿಡ್ರೆವಾ” ಎಂದಳು. ನನ್ನ ಮರದ ಕೆಳಗೆ ನನಗೇ ಜಾಗ ಕೊಡಿಸಿದಳು! ಪ್ರೀತಿಯಿಂದಲೇ ಅಂದಳು, ಗೊತ್ತು. ಪ್ರೀತಿಯಿಂದ ಅಂದದ್ದಕ್ಕೇ ಇನ್ನೂ ಉರಿಯಿತು.

ಈಗ ತಟ್ಟೆಯ ವಿಷಯ ಹೇಳಬೇಕು. ಅರ್ಜಿಗೆ ಸಹಿ ಹಾಕಿಸುವಾಗ ನಾವು ಹೆಸರುಗಳನ್ನು ಒಂದರ ಕೆಳಗೊಂದು ಬರೆಯುವುದಿಲ್ಲ. ಊಟದ ಸ್ಟೀಲ್ ತಟ್ಟೆಯನ್ನು ಹಾಳೆಯ ಮೇಲೆ ಬೋರಲು ಹಾಕಿ, ಸುತ್ತ ಪೆನ್ನಿನಿಂದ ಗೆರೆ ಎಳೆಯುತ್ತೇವೆ. ಬೇಡಿಕೆ ವೃತ್ತದ ಒಳಗೆ, ಸಹಿಗಳು ವೃತ್ತದ ಹೊರಗೆ ಸುತ್ತಲೂ. ಯಾರು ಮೊದಲು ಹಾಕಿದರು, ಯಾರು ಕೊನೆ ಎಂದು ಯಾವ ಮ್ಯಾನೇಜರನಿಗೂ ಗೊತ್ತಾಗಬಾರದು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಸಂಘ ಕಟ್ಟುತ್ತಿದ್ದ ಹಿರಿಯಕ್ಕ ಒಬ್ಬರು ನನಗೆ ಇದನ್ನು ಕಲಿಸಿದ್ದು. “ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದೋ ಮೊದಲ ಏಟು ಅವರಿಗೇ. ಅವರು ಓದೋದು ಅದೊಂದೇ ಹೆಸರು ಕಣಮ್ಮ” ಎಂದಿದ್ದರು. ನನ್ನ ಮದುವೆಗೆ ಬಂದ ತಟ್ಟೆ ಅದು, ಅಂಚಿನಲ್ಲಿ ನನ್ನ ಹೆಸರು ಕೊರೆಸಿದ್ದಾರೆ. ಹದಿಮೂರು ವರ್ಷದ ಎಲ್ಲ ಅರ್ಜಿಗಳಿಗೂ ಅದೇ ತಟ್ಟೆ.

ಈ ಅರ್ಜಿಗೆ ನಾನು ಅದನ್ನು ಇಡಲಿಲ್ಲ.

ಹಿಂದಿನ ದಿನ ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿಯನ್ನು ಟೈಪ್ ಮಾಡಿಸಿದೆ. ಕೆಳಗೆ ಚೌಕಗಳು: ಕ್ರಮಸಂಖ್ಯೆ, ಹೆಸರು, ಟವರು, ಸಹಿ. ಕ್ರಮಸಂಖ್ಯೆ ಒಂದರ ಮುಂದೆ ಯಾರ ಹೆಸರು ಹಾಕಲಿ ಎಂದು ಅಂಗಡಿಯವನು ಕೇಳಿದ. ಅವಳ ಹೆಸರನ್ನು, ಅವಳ ಅಪ್ಪನ ಹೆಸರಿನ ಸಮೇತ, ಅಕ್ಷರ ಅಕ್ಷರವಾಗಿ ಹೇಳಿ ಹೊಡೆಸಿದೆ. ಉಳಿದ ಸಾಲುಗಳನ್ನು ಖಾಲಿ ಬಿಡಿಸಿದೆ. ‘ಲೀಡರ್ ಆಗಬೇಕಲ್ಲ ಮಹಾತಾಯಿ, ಆಗಲಿ’ ಎಂದುಕೊಂಡೆ. ಅವಳಿಗೆ ದೊಡ್ಡ ತೊಂದರೆಯಾಗಲಿ ಎಂದು ಬಯಸಲಿಲ್ಲ, ಸ್ವಲ್ಪ ಬಿಸಿ ತಾಗಲಿ ಎಂದಷ್ಟೇ ಬಯಸಿದೆ. ಬಿಸಿ ಎಷ್ಟು ತಾಗಬೇಕೆಂದು ನಾನು ಅಳೆದು ಕೊಡಬಲ್ಲೆ ಅನ್ನುವ ಹಾಗೆ!

ಮರದ ಕೆಳಗೆ ಹಾಳೆ ಬಿಚ್ಚಿದಾಗ ಅವಳೇ ಕೇಳಿದಳು: “ಯಕ್ಕಾ, ತಾಟ್ ಇಡೂದಿಲ್ಲೇನ್ರಿ ಈ ಸಲ?”

“ಇಲ್ಲ ಕಣೇ. ಇವರ ಆಫೀಸ್ನಲ್ಲಿ ನಂಬರ್ ಹಾಕಿರೋ ಪಟ್ಟೀನೇ ಬೇಕಂತೆ.”

ಹಾಗೆಂದು ಯಾರೂ ಕೇಳಿರಲಿಲ್ಲ. ತಟ್ಟೆ ನನ್ನ ಚೀಲದಲ್ಲೇ ಇತ್ತು. ಅವಳು ಹಾಳೆಯನ್ನು ಹತ್ತಿರ ಹಿಡಿದು, ಕ್ರಮಸಂಖ್ಯೆ ಒಂದರ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದಳು. “ನಂದ ಮೊದಲನೇ ಹೆಸರಾ?” ಎಂದು ನನ್ನ ಮುಖ ನೋಡಿದಳು. ಆ ಕಣ್ಣಲ್ಲಿ ಇದ್ದ ಸಂತೋಷವನ್ನು ನಾನು ನೋಡಿದೆ. ನೋಡಿಯೂ ಹಾಳೆ ಹಿಂತೆಗೆದುಕೊಳ್ಳಲಿಲ್ಲ. ಅರವತ್ತೆಂಟು ಸಹಿಗಳು ಬಿದ್ದವು. ಮಂಗಳವಾರ ನಿವಾಸಿಗಳ ಅಸೋಸಿಯೇಷನ್ನಿನ ಆಫೀಸಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆ.

ಗುರುವಾರ ಬೆಳಗ್ಗೆ ಆರೂವರೆಗೆ ಅವಳ ಫೋನು ಬಂತು. “ಯಕ್ಕಾ, ಗೇಟ್ನ್ಯಾಗ ಕೆಂಪ್ ಬಂದದ್ರಿ.”

ಅಪಾರ್ಟ್‌ಮೆಂಟುಗಳಲ್ಲಿ ಈಗ ಎಲ್ಲವೂ ಆ್ಯಪಿನಲ್ಲಿ. ಕೆಲಸದವರಿಗೆ ಆರು ಅಂಕಿಯ ಒಂದು ನಂಬರು ಕೊಟ್ಟಿರುತ್ತಾರೆ. ಗೇಟಿನಲ್ಲಿ ಗಾರ್ಡು ಅದನ್ನು ಫೋನಿಗೆ ಒತ್ತಿದರೆ ಹಸಿರು ಬರಬೇಕು. ಬಂದರೆ ಒಳಗೆ. ಕೆಂಪು ಬಂದರೆ ಅಸೋಸಿಯೇಷನ್ ಬ್ಲಾಕ್ ಮಾಡಿದೆ ಎಂದರ್ಥ. ಆಗ ಒಂದು ಮನೆಯಲ್ಲ, ನಾಲ್ಕು ಟವರಿನ ಯಾವ ಮನೆಗೂ ಕಾಲಿಡುವಂತಿಲ್ಲ. ಅವಳ ಐದು ಮನೆಗಳೂ ಆ ಗೇಟಿನ ಒಳಗೇ ಇದ್ದವು.

ನಾನು ಓಡಿದೆ. ಗಾರ್ಡು ಪಾಪ, “ನಾನೇನ್ ಮಾಡ್ಲಿ ಅಕ್ಕ, ಸಿಸ್ಟಮ್ಮೇ ತಗೊಳ್ತಿಲ್ಲ” ಎಂದು ಮೂರು ಸಲ ಒತ್ತಿ ತೋರಿಸಿದ. ಹತ್ತು ಗಂಟೆಗೆ ಅಸೋಸಿಯೇಷನ್ನಿನ ಸೆಕ್ರೆಟರಿ ಸಿಕ್ಕರು. ನಮ್ಮ ಅರ್ಜಿ ಅವರ ಮೇಜಿನ ಮೇಲೇ ಇತ್ತು. ಅವಳ ಹೆಸರಿಗೆ ಹಳದಿ ಬಣ್ಣ ಬಳಿದಿದ್ದರು. ಉಳಿದ ಅರವತ್ತೇಳು ಹೆಸರಿಗೆ ಏನೂ ಇರಲಿಲ್ಲ.

“ನೋಡಿ, ಇದಕ್ಕೊಂದು ಪ್ರೊಸೀಜರ್ ಇದೆ. ಈಕೆ ಮೇಲೆ ಬಿಹೇವಿಯರ್ ಕಂಪ್ಲೇಂಟ್ ಬಂದಿದೆ. ಥರ್ಟಿ ಡೇಸ್ ಬ್ಲಾಕ್, ಆಮೇಲೆ ಕಮಿಟಿ ರಿವ್ಯೂ ಮಾಡುತ್ತೆ.”

“ಯಾರು ಕೊಟ್ಟ ಕಂಪ್ಲೇಂಟು ಸಾರ್?”

“ಅದೆಲ್ಲ ಕಾನ್ಫಿಡೆನ್ಷಿಯಲ್.”

ಮೂವತ್ತು ದಿನ! ಅಡುಗೆಯವಳು ಮೂರು ದಿನ ಬರದಿದ್ದರೆ ನಾಲ್ಕನೇ ದಿನ ಆ ಮನೆಯಲ್ಲಿ ಬೇರೊಬ್ಬಳು ಸೌಟು ಹಿಡಿದಿರುತ್ತಾಳೆ. ಶುಕ್ರವಾರ ಅವಳನ್ನು ಕರೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ನಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಫ್ಯಾಕ್ಟರಿಯಲ್ಲ, ಅಂಗಡಿಯಲ್ಲ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸು ಕೊಟ್ಟರು. ಶನಿವಾರ ಹನ್ನೊಂದನೇ ಮಹಡಿಯ ದಾವಣಗೆರೆಯ ಅಮ್ಮನವರು ಧೈರ್ಯ ಮಾಡಿ ಅವಳನ್ನು ‘ಅತಿಥಿ’ ಎಂದು ಆ್ಯಪಿನಲ್ಲಿ ಹಾಕಿ ಒಳಗೆ ಕರೆಸಿಕೊಂಡರು. ಸಂಜೆಯೊಳಗೆ ಅವರ ಮನೆಗೆ ಸೆಕ್ರೆಟರಿಯಿಂದ ಎಚ್ಚರಿಕೆಯ ಮೆಸೇಜು ಹೋಯಿತು. ಭಾನುವಾರ ಎರಡು ಮನೆಯವರು ಅವಳಿಗೆ ಫೋನ್ ಮಾಡಿ, ಬೇರೆಯವರನ್ನು ಗೊತ್ತುಮಾಡಿದ್ದೇವೆ ಎಂದರು.

ಈ ಓಡಾಟದಲ್ಲಿ ನನ್ನ ಮನಸ್ಸು ಹೇಗಿತ್ತು ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಬರವಣಿಗೆಗೆ ಅರ್ಥವಿಲ್ಲ. ಗುರುವಾರ ಮಧ್ಯಾಹ್ನ ಅವಳು ಸಭೆಗೆ ಬಂದಿರಲಿಲ್ಲ. ಹೆಂಗಸರೆಲ್ಲ ನನ್ನ ಸುತ್ತ ಕೂತು, “ಅಕ್ಕ, ಈಗೇನ್ ಮಾಡೋದು? ನೀವೇ ಹೇಳಿ ಅಕ್ಕ” ಎಂದರು. ಎಷ್ಟೋ ತಿಂಗಳ ಮೇಲೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದ್ದವು. ಆ ದಿನ ಊಟ ರುಚಿಸಿತು. ತಿಂದು ಕೈ ತೊಳೆಯುವಾಗ ಅದು ಗೊತ್ತಾಗಿ ನನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ರುಚಿಸಿದ್ದು ಸುಳ್ಳಲ್ಲ.

ಭಾನುವಾರ ಮಧ್ಯಾಹ್ನ ಅವಳು ಬಂದಳು. ಸಭೆ ತುಂಬಿತ್ತು. ಎದ್ದು ನಿಂತು ಅವಳು ಅಂದದ್ದು ಇಷ್ಟು: “ನನ್ನ ಸಲುವಾಗಿ ಯಾರೂ ಅಂಜಬ್ಯಾಡ್ರಿ. ಅರ್ಜಿ ಹಿಂದ ತಗೋಬ್ಯಾಡ್ರಿ. ನಾ ಹುಟ್ಟಿದಾಗಿಂದ ರೇಷನ್ ಕಾರ್ಡಿನ್ಯಾಗೂ ನನ್ನ ಹೆಸರು ಕಡೀಕೇ ಇತ್ತು. ಯಕ್ಕ ಎಲ್ಲಾರಕಿಂತ ಮೊದಲ ಬರಿಸಿದ್ಲು. ಅಷ್ಟು ಮರ್ಯಾದಿ ನನಗ ಯಾರೂ ಕೊಟ್ಟಿದ್ದಿಲ್ಲ.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ: ಬಿದ್ದ ಜಾಗದಿಂದಲೇ ಇವಳು ಎಲ್ಲರನ್ನೂ ಗೆದ್ದಳಲ್ಲ! ಅದರ ಹಿಂದೆಯೇ ಅವಳ ಕೊನೆಯ ಮಾತು ಚುಚ್ಚಿತು.

ಹದಿನೈದನೇ ಮಹಡಿಯ ಅಜ್ಜಿ ಗೊಣಗಿದರು: “ಆವತ್ತು ತಟ್ಟೆ ಮಡಗಿದ್ರೆ ಇಂಗಾಯ್ತಿತ್ತಾ? ಆ ಆಫೀಸ್ನೋರು ಯಾಕ್ ಬ್ಯಾಡ ಅಂದ್ರೋ.”

ಯಾರನ್ನೂ ಕುರಿತು ಅಂದ ಮಾತಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನನ್ನ ಕೈ ಚೀಲದ ಮೇಲೆ ಹೋಯಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ತಪ್ಪೆಲ್ಲ ಆಫೀಸಿನವರ ತಲೆಗೆ ಕಟ್ಟಿ, ನಾಳೆ ಹೊಸ ಅರ್ಜಿ ಬರೆದು, ಅವಳನ್ನು ನಾನೇ ಒಳಗೆ ಸೇರಿಸಿದೆ ಎಂಬ ಹೆಸರೂ ಸಿಗುತ್ತಿತ್ತು. ಆ ಲೆಕ್ಕಾಚಾರವನ್ನೂ ಒಂದು ಗಳಿಗೆ ಹಾಕಿದೆ. ಆಮೇಲೆ ಎದ್ದು ನಿಂತೆ.

“ಆಫೀಸ್ನೋರು ಬೇಡ ಅನ್ಲಿಲ್ಲ ಅಜ್ಜಿ. ನಾನೇ ಸುಳ್ ಹೇಳ್ದೆ. ತಟ್ಟೆ ಚೀಲದಲ್ಲೇ ಇತ್ತು. ಇವಳಿಗೆ ಏಟು ಬೀಳುತ್ತೆ ಅಂತ ಗೊತ್ತಿದ್ದೇ ಇವಳ ಹೆಸರು ಮೊದಲು ಹಾಕಿಸ್ದೆ. ನೀವೆಲ್ಲ ಇವಳ ಹಿಂದೆ ಹೋಗ್ತಿದ್ರಲ್ಲ, ಅದನ್ನ ನೋಡಕ್ಕಾಗ್ಲಿಲ್ಲ ನನ್ ಕೈಲಿ. ಹೊಟ್ಟೆ ಉರ್ಕೊಂಡು ಮಾಡ್ಬಿಟ್ಟೆ.”

ಬಸ್ಸೊಂದು ಬಂದು ನಿಂತು ಹೋಯಿತು. ಆಮೇಲೆ ಅಜ್ಜಿಯೇ, “ಥೂ, ಎಂಥ ಎಂಗ್ಸು ನೀನು. ಐದ್ ಮನೆ ಅನ್ನ ಕಿತ್ಕೊಂಡ್ಯಲ್ಲೇ” ಎಂದರು. ನನ್ನ ನಾದಿನಿ ತಲೆ ತಗ್ಗಿಸಿದಳು. ಇನ್ನು ಕೆಲವರು ಎದ್ದು ಹೋಗಲು ಚಪ್ಪಲಿ ಹುಡುಕಿದರು.

ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಹೋಗುತ್ತಿದ್ದವರ ಕಡೆ ತಿರುಗಿ, “ಎಲ್ಲಿಗೆ ಹೊಂಟ್ರಿ? ಲಿಫ್ಟ್ ರಿಪೇರಿ ಆತೇನು? ಕುಂಡ್ರಿ” ಎಂದಳು. ಅವರು ಕೂತರು. ನಾನು ಚೀಲದಿಂದ ತಟ್ಟೆ ತೆಗೆದು ಮುಂದೆ ಇಟ್ಟೆ. ಗೆರೆ ಎಳೆದದ್ದು ಅಜ್ಜಿ, ನನ್ನ ಕೈಗೆ ಪೆನ್ನು ಕೊಡಲಿಲ್ಲ.

ವೃತ್ತದ ಒಳಗೆ ಮೂರೇ ಸಾಲು ಬರೆದೆವು. ಲಿಫ್ಟು ಬೇಕು, ಶೌಚಾಲಯ ಬೇಕು, ಇದು ಒಬ್ಬಳ ಅರ್ಜಿಯಲ್ಲ, ಬ್ಲಾಕ್ ಮಾಡುವುದಾದರೆ ಎಲ್ಲರನ್ನೂ ಮಾಡಿ. ಸುತ್ತ ಎಪ್ಪತ್ತೆರಡು ಸಹಿ ಬಿದ್ದವು. ಅರ್ಜಿಯ ಜೊತೆಗೆ ನಾಲ್ಕು ಪುಟದ ಮನವಿಯೊಂದನ್ನು ಬರೆದು ಪ್ರತಿ ಮನೆಗೂ ಹಂಚೋಣ ಎಂದು ನಾನು ಹೇಳಿದೆ. ಅವಳು ನನ್ನ ಕಡೆ ನೋಡದೆಯೇ ಬೇರೆ ಉಪಾಯ ಹೇಳಿದಳು: “ಓದೂದು ಯಾರು? ನಾಳೆ ಮುಂಜಾನೆ ಎಲ್ಲಾರೂ ಗೇಟಿನ ಹೊರಗ ಕುಂಡ್ರೂಣು. ಕುಂತು, ಒಬ್ಬೊಬ್ರು ತಮ್ಮ ತಮ್ಮ ಮನಿಗೆ ವಾಯ್ಸ್ ಮೆಸೇಜ್ ಕಳಸೂಣು. ಅಮ್ಮಾರ, ಕೆಲಸಕ್ಕ ಬಂದೀನ್ರಿ, ಗೇಟಿನ್ಯಾಗ ಅದೀನ್ರಿ, ನಿಮ್ಮ ಸೆಕ್ರೆಟರಿ ಸಾಹೇಬರು ಈಕಿನ ಒಳಗ ಬಿಟ್ಟರ ನಾನೂ ಬರ್ತೀನ್ರಿ ಅಂತ.”

ಹದಿಮೂರು ವರ್ಷದಲ್ಲಿ ನನಗೆ ಹೊಳೆಯದ ಉಪಾಯ. ಕೆಲಸ ನಿಲ್ಲಿಸಿದೆವು ಎಂದು ಯಾರೂ ಅನ್ನುವಂತಿಲ್ಲ, ಬೇಡಿಕೆ ಮಾತ್ರ ಎಪ್ಪತ್ತೆರಡು ಹೆಂಗಸರ ದನಿಯಲ್ಲಿ ನೇರ ಅಡುಗೆಮನೆಗೇ ಹೋಗುತ್ತದೆ. ಛೆ, ಇದು ನನ್ನದಾಗಿರಬೇಕಿತ್ತು ಎಂದು ಆ ಅವಮಾನದ ಮಧ್ಯೆಯೂ ಅನ್ನಿಸಿತು. ಹೊಟ್ಟೆಕಿಚ್ಚಿಗೆ ನಾಚಿಕೆ ಎಂಬುದಿಲ್ಲ.

ಸೋಮವಾರ ಆರೂಕಾಲಿಗೆ ಎಲ್ಲರೂ ಫುಟ್‌ಪಾತಿನ ಮೇಲೆ ಸಾಲಾಗಿ ಕೂತೆವು. ಘೋಷಣೆ ಇಲ್ಲ, ಕಾರುಗಳಿಗೆ ಅಡ್ಡವಿಲ್ಲ, ಗೇಟಿಗೆ ಕೈ ತಾಗಿಸುವಂತಿಲ್ಲ. ಈ ಮೂರನ್ನು ನೋಡಿಕೊಳ್ಳುವ ಕೆಲಸ ನನ್ನದು. ವೃತ್ತದ ಅರ್ಜಿಯನ್ನು ಗಾರ್ಡಿನ ಕೈಲಿ ಒಳಗೆ ಕಳಿಸಿದೆವು. ಏಳೂವರೆಗೆ ಬಾಲ್ಕನಿಗಳಲ್ಲಿ ತಲೆಗಳು ಕಂಡವು. ಎಂಟಕ್ಕೆ ಶಾಲೆಯ ವ್ಯಾನುಗಳು ಬಂದು ಹಾರನ್ನು ಹೊಡೆದವು, ಡಬ್ಬಿ ತುಂಬದ ಬ್ಯಾಗುಗಳೊಂದಿಗೆ ಮಕ್ಕಳು ಇಳಿದು ಬಂದವು. ಎಂಟೂಮುಕ್ಕಾಲಿಗೆ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬುಗಳು ಸಾಲುಗಟ್ಟಿದಾಗ ಸೆಕ್ರೆಟರಿಯ ಫೋನಿಗೆ ಬಿಡುವಿರಲಿಲ್ಲ. ಹನ್ನೊಂದನೇ ಮಹಡಿಯ ಅಮ್ಮನವರು ಕೆಳಗಿಳಿದು ಬಂದು, ಗೇಟಿನ ಮುಂದೆಯೇ ಸೆಕ್ರೆಟರಿಯನ್ನು ಹಿಡಿದರು: “ಏನ್ರೀ ಇದು? ಆಕೀನ್ನ ಬಿಡ್ರಿ ಒಳಗ. ನಮ್ಮ ಮನೆಯವರು ಶನಿವಾರ ಒಂದ ಬಿಟ್ಟು ನಾಲ್ಕು ದಿನ ಬ್ರೆಡ್ ತಿಂದಾರ!”

ಸೆಕ್ರೆಟರಿ ವೃತ್ತದ ಹಾಳೆಯನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರು, ಮತ್ತೊಂದು ಸುತ್ತು ತಿರುಗಿಸಿದರು. “ಇದರಲ್ಲಿ ಲೀಡರ್ ಯಾರ್ರೀ?”

“ಓದ್ಕಳಿ ಸಾಮಿ, ಎಲ್ಲಾ ಐತೆ” ಎಂದರು ಅಜ್ಜಿ.

ಮಾತುಕತೆಗೆ ಐದು ಜನ ಬನ್ನಿ ಎಂದರು. ಹೆಂಗಸರು ಅವಳನ್ನು, ಅಜ್ಜಿಯನ್ನು, ಇನ್ನು ಮೂವರನ್ನು ಆರಿಸಿದರು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಎಷ್ಟೋ ಅಪಾರ್ಟ್‌ಮೆಂಟುಗಳ ಆಫೀಸಿನಲ್ಲಿ ಕೂತು ಮಾತಾಡಿದವಳು ನಾನು, ಆ ದಿನ ಫುಟ್‌ಪಾತಿನ ಮೇಲೆ ಉಳಿದವರಿಗೆ ನೀರಿನ ಬಾಟಲಿ ಹಂಚಿದೆ. ಗಾಜಿನ ಆಚೆ ಅವಳ ಕೈ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನೋಡದಿರಲು ಪ್ರಯತ್ನಪಟ್ಟೆ, ಆಗಲಿಲ್ಲ.

ಹನ್ನೊಂದೂವರೆಗೆ ಗಾರ್ಡು ಅವಳ ನಂಬರು ಒತ್ತಿದ. ಹಸಿರು ಬಂತು. ಸರ್ವಿಸ್ ಲಿಫ್ಟು ಸರಿಯಾಗುವವರೆಗೆ ಕೆಲಸದವರು ಬೇರೆ ಲಿಫ್ಟು ಹತ್ತಬಹುದು, ಜನರೇಟರ್ ರೂಮಿನ ಪಕ್ಕದ ಶೌಚಾಲಯದ ಬೀಗ ತೆಗೆಯುತ್ತೇವೆ ಎಂದು ಬರೆದುಕೊಟ್ಟರು. ಅವಳ ಮೂರು ಮನೆಗಳು ಉಳಿದವು. ಕೈತಪ್ಪಿದ ಎರಡು ಮನೆಗಳು ಮತ್ತೆ ಸಿಗಲಿಲ್ಲ. ನಾನು ಹುಡುಕಿಕೊಡುತ್ತೇನೆ ಎಂದು ಹೇಳಿಕಳಿಸಿದೆ. ಬೇಡವೆಂದಳಂತೆ.

ಸಂಘದ ದೊಡ್ಡ ಸಭೆಗೆ ಹೋಗಿ ನಡೆದದ್ದನ್ನು ಹೇಳಿದೆ. ಜವಾಬ್ದಾರಿ ಬಿಡುತ್ತೇನೆ ಎಂದೆ. ರಿಜಿಸ್ಟರು ನೀನೇ ಬರಿ, ಮಾತಾಡುವುದು ಅವಳು ನೋಡಿಕೊಳ್ಳಲಿ ಎಂದರು. ಒಪ್ಪಿದೆ.

ಒಂದೂವರೆ ತಿಂಗಳಾದ ಮೇಲೆ ಪಕ್ಕದ ಅಪಾರ್ಟ್‌ಮೆಂಟಿನವರ ಅರ್ಜಿ ಬಂತು. ಮಧ್ಯಾಹ್ನ ಎರಡೂವರೆಗೆ ಮರದ ಕೆಳಗೆ ಎಲ್ಲರೂ ಸೇರಿದ್ದೆವು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿ ತಟ್ಟೆಯ ಅಂಚು ಹಿಡಿದೆ. ಅಷ್ಟರಲ್ಲಿ ಅವಳು ತನ್ನ ಚೀಲದಿಂದ ಬೇರೊಂದು ತಟ್ಟೆ ತೆಗೆದು ಹಾಳೆಯ ಮೇಲೆ ಬೋರಲು ಹಾಕಿ ಗೆರೆ ಎಳೆದಾಗಿತ್ತು. ಹೊಸ ತಟ್ಟೆ, ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಪೆನ್ನು ಕೈಯಿಂದ ಕೈಗೆ ಸಾಗಿ ಸುತ್ತು ತುಂಬುತ್ತಾ ಬಂತು. ನನ್ನ ಸರದಿ ಬಂದಾಗ ಅವಳೇ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದನಿಯಲ್ಲೂ ಇರಲಿಲ್ಲ.

“ಎಲ್ಲಿ ಬೇಕಾದ್ರೂ ಹಾಕ್ರಿ, ಮೇಡಂ” ಎಂದಳು.

ಸುತ್ತ ಕೂತವರು ಯಾರೂ ಅವಳನ್ನು ತಿದ್ದಲಿಲ್ಲ. ನಾನು ಸಹಿ ಹಾಕಿ ಪೆನ್ನನ್ನು ಪಕ್ಕದವಳಿಗೆ ಕೊಟ್ಟೆ.